ಮೇಲಿನ ಓದಿಗೆ ಹಣವೆಲ್ಲಿಂದ?

ಪ್ರತಿವರ್ಷವೂ ಬೇಸಗೆಯ ರಜೆಯಲ್ಲಿ ನಮ್ಮ ಕಚೇರಿಯ ಬಾಗಿಲಿಗೆ ಬರುವವರು ಎರಡು ತರದವರು. ಮೊದಲನೆಯವರು ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬರುವ ತಂದೆತಾಯಂದಿರು. ಎರಡನೆಯವರು, ಎಂಟು ಹತ್ತು ವರ್ಷಗಳ ಹಿಂದೆ ಹಾಗೆಯೇ ಸೇರಿಸಿ ಹೋದವರು. ಇವರು ಮಗಳ ಬಿ.ಎಸ್ಸಿ. ಮುಗಿಯಿತೆಂದೋ ಎಂ.ಎ. ಮುಗಿಯಿತೆಂದೋ ಹೇಳಿ, ಸಿಹಿತಿಂಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಕೊನೆಗೆ ಮಾತೆತ್ತುವರು: "ಟೀಚರಮ್ಮಾ, ಇವಳಿಗೆ ಇನ್ನೂ ಓದಬೇಕಂತೆ. ನಮ್ಮಂಥವರಿಂದ ಆಗುವ ಕೆಲಸವೇ? ನೀವೇ ಒಂದು ಮಾತು ಹೇಳಿ." ಆ ಒಂದು ಮಾತು ಯಾವುದೆಂಬುದನ್ನು ಅವರು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಬಂದಿರುವರು. "ಇಷ್ಟು ಸಾಕು ಮಗು, ಒಂದು ಕೆಲಸಕ್ಕೆ ಸೇರಿಕೋ" ಎಂದು ನಾವು ಹೇಳಬೇಕು. ಮಗಳು ಅದನ್ನು ಕೇಳಿ ಸುಮ್ಮನಾಗಬೇಕು.

ಇಂಥ ಮಾತನ್ನು ನಾವು ಒಮ್ಮೆ ಹೇಳಿದ್ದೇವೆ. ಅದನ್ನು ಒಪ್ಪಿಕೊಂಡ ಮೇಲೆಯೇ ಈ ವಿಷಯವನ್ನು ಕುರಿತು ಬರೆಯುವುದಕ್ಕೆ ನಮಗೆ ಅಧಿಕಾರ ಬಂದೀತು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹೊರರಾಜ್ಯದ ಒಂದು ಸಂಸ್ಥೆಯಲ್ಲಿ ಪಿಎಚ್.ಡಿ. ವ್ಯಾಸಂಗಕ್ಕೆ ಆರಿಸಲ್ಪಟ್ಟು, ಪ್ರವೇಶಪತ್ರವನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದಳು. ತಂದೆ ತೀರಿಕೊಂಡಿದ್ದನು. ತಾಯಿ ಬಟ್ಟೆ ಹೊಲಿದು ಸಂಸಾರ ಸಾಗಿಸುತ್ತಿದ್ದಳು. ನಾವು ಪತ್ರದ ಮೊದಲನೆಯ ಪುಟವನ್ನು ಓದಿದೆವು. ಅದರಲ್ಲಿ ಪ್ರವೇಶಶುಲ್ಕ, ವಿದ್ಯಾರ್ಥಿನಿಲಯದ ಬಾಡಿಗೆ, ಮುಂಗಡ ಠೇವಣಿ ಎಂದು ಮೊತ್ತಗಳ ಒಂದು ಪಟ್ಟಿಯಿದ್ದಿತು. ಆ ಪಟ್ಟಿಯನ್ನು ನೋಡಿದೊಡನೆಯೇ, ಹೊಲಿಗೆಯ ದುಡ್ಡಿನಲ್ಲಿ ಐದು ವರ್ಷ ಇದು ನಡೆಯುವುದಲ್ಲವೆಂದು ತೀರ್ಮಾನಿಸಿ, ಆಕೆಗೆ ಬಿ.ಎಡ್. ಮಾಡಿಕೊಳ್ಳೆಂದು ಬುದ್ಧಿ ಹೇಳಿ ಕಳುಹಿಸಿದೆವು. ಆಕೆ ಹಾಗೆಯೇ ಮಾಡಿದಳು. ಎರಡು ವರ್ಷಗಳಾದ ಮೇಲೆ ಆಕೆಯ ಸಹಪಾಠಿನಿಯೊಬ್ಬಳಿಂದ ನಮಗೆ ತಿಳಿದುಬಂದುದೇನೆಂದರೆ, ಅದೇ ಪತ್ರದ ಎರಡನೆಯ ಪುಟದಲ್ಲಿ, ಸಂಸ್ಥೆಯವರೇ ತಿಂಗಳು ತಿಂಗಳೂ ಆಕೆಗೆ ಕೊಡತಕ್ಕ ವೇತನದ ಮೊತ್ತವಿದ್ದಿತು. ಶುಲ್ಕವನ್ನೂ ಊಟವನ್ನೂ ಕಳೆದು ತಾಯಿಗೆ ಕಳುಹಿಸಲು ಸಹ ಅದರಲ್ಲಿ ಏನಾದರೂ ಮಿಗುತ್ತಿದ್ದಿತು.

ನಾವು ಪುಟವನ್ನು ಮಗುಚಿರಲಿಲ್ಲ.

ಆಕೆ ಈಗ ಒಳ್ಳೆಯ ಉಪಾಧ್ಯಾಯಿನಿ. ನಮ್ಮ ಮೇಲೆ ಮುನಿಸಿಟ್ಟುಕೊಂಡವಳೂ ಅಲ್ಲ. ಕ್ರಿಸ್ಮಸ್ ಹಬ್ಬಕ್ಕೆ ತಪ್ಪದೆ ಬಂದು ಹೋಗುವಳು. ಆದರೆ ಆಕೆ ಬಂದಾಗಲೆಲ್ಲ ನಮಗೆ ಆ ಪತ್ರದ ನೆನಪಾಗುವುದು.

ಈ ತಪ್ಪು ಬೇರೆಯವರಿಂದಲೂ ಆಗುತ್ತಿರುವುದರಿಂದ ಅದರ ಬುಡವೆಲ್ಲಿದೆಯೆಂದು ವಿಚಾರಿಸಬೇಕಾಗಿದೆ. ಶಿಶುವಿಹಾರದಿಂದ ಹಿಡಿದು ಪದವಿಯ ವರೆಗೆ ನಾವು ಕಂಡಿರುವುದು ಒಂದೇ ಕ್ರಮ: ತರಗತಿ ಮೇಲೇರಿದಂತೆ ಶುಲ್ಕವೂ ಮೇಲೇರುವುದು. ಹಾಗಾದ ಮೇಲೆ ಪದವಿಯಿಂದಾಚೆಗಿನ ಓದಿಗೆ ಇನ್ನೂ ಹೆಚ್ಚು ಸುರಿಯಬೇಕಾಗುವುದೆಂದು ತಾಯಿತಂದೆಗಳು ಎಣಿಸುವುದು ಸಹಜವೇ. ಆದರೆ ಸಂಶೋಧನೆಯ ಮೆಟ್ಟಲಿಗೆ ಬಂದಾಗ ಈ ಕ್ರಮ ತಿರುಗಿ ನಿಲ್ಲುವುದು. ಅಲ್ಲಿ ವಿದ್ಯಾರ್ಥಿನಿ ಬರಿಯ ಕಲಿಯುವವಳಲ್ಲ, ಕೆಲಸಗಾರ್ತಿಯೂ ಹೌದು. ಪ್ರಯೋಗಶಾಲೆಯ ಕೆಲಸವನ್ನೂ ಕಿರಿಯರಿಗೆ ಪಾಠ ಹೇಳುವ ಕೆಲಸವನ್ನೂ ಮಾಡುವವಳು. ಆದಕಾರಣ ಅವಳಿಗೆ ಕೂಲಿ ಸಲ್ಲುವುದು. ನಮ್ಮ ದೇಶದಲ್ಲಿ ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ಪಿಗೆ ಅರ್ಹತೆ ಪಡೆದು ಪಿಎಚ್.ಡಿ.ಗೆ ಸೇರಿದವರಿಗೆ ೨೦೨೩ರ ಜನವರಿ ೧ರಿಂದ ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆ ಮೇಲೆ ೪೨,೦೦೦ ರೂಪಾಯಿ ಎಂದು ಗೊತ್ತುಮಾಡಲಾಗಿದೆ. ಮನೆಬಾಡಿಗೆಯ ಭತ್ಯೆ ಬೇರೆ. ಗೇಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎಂ.ಟೆಕ್. ಓದುವವರಿಗೆ ತಿಂಗಳಿಗೆ ೧೨,೪೦೦ ರೂಪಾಯಿಯ ವಿದ್ಯಾರ್ಥಿವೇತನವುಂಟು. ಎಂ.ಎ., ಎಂ.ಎಸ್ಸಿ., ಎಂ.ಕಾಂ. ಮೊದಲಾದ ಓದಿಗೆ ಯು.ಜಿ.ಸಿ.ಯವರು ೨೦೨೩ರಿಂದ ನಡೆಸುತ್ತಿರುವ ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷದ ಹತ್ತು ತಿಂಗಳು, ತಿಂಗಳಿಗೆ ೧೫,೦೦೦ ರೂಪಾಯಿ ದೊರೆಯುವುದು. ಅದರಲ್ಲಿ ನೂರಕ್ಕೆ ಮೂವತ್ತು ಹೆಣ್ಣುಮಕ್ಕಳಿಗೆಂದೇ ಮೀಸಲು. ಪರಿಶಿಷ್ಟ ಜಾತಿಯ ಮಕ್ಕಳು ಹೊರದೇಶಕ್ಕೆ ಹೋಗಿ ಓದುವುದಕ್ಕೆ ಕೇಂದ್ರ ಸರಕಾರದ ಪ್ರತ್ಯೇಕ ವಿದ್ಯಾರ್ಥಿವೇತನವಿದೆ, ಅಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲು ಇದೆ.

ಇದೆಲ್ಲ ಕಾಗದದ ಮೇಲೆ ಇರುವಷ್ಟು ಸಲೀಸಾಗಿ ಕೈಸೇರುವುದೆಂದು ನಾವು ಹೇಳಲಾರೆವು. ಫೆಲೋಶಿಪ್ಪಿನ ಹಣ ಎಷ್ಟೋ ಬಾರಿ ತಿಂಗಳುಗಟ್ಟಲೆ ತಡವಾಗಿ ಬರುವುದು. ಆ ನಡುವೆ ಮೆಸ್ಸಿನ ಬಾಕಿಗೆ ಗೆಳತಿಯರ ಹತ್ತಿರ ಕೈಗಡ ಮಾಡಬೇಕಾಗುವುದು. ಆದುದರಿಂದ ವೇತನ ಮಂಜೂರಾಗಿದೆಯೆಂದ ಮಾತ್ರಕ್ಕೆ ಮಗಳನ್ನು ಬರಿಗೈಯಲ್ಲಿ ಕಳುಹಿಸಬಾರದು. ಮೂರು ನಾಲ್ಕು ತಿಂಗಳ ಖರ್ಚನ್ನು ಆಕೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟೇ ಕಳುಹಿಸಬೇಕು. ಇನ್ನೊಂದು ಮಾತು. ಅಲ್ಪಸಂಖ್ಯಾತರ ಮಕ್ಕಳಿಗೆ ಪಿಎಚ್.ಡಿ. ವ್ಯಾಸಂಗಕ್ಕಾಗಿ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರದವರು ೨೦೨೨-೨೩ರಿಂದ ನಿಲ್ಲಿಸಿಬಿಟ್ಟರು. ನಮ್ಮ ಸಭೆಗಳ ಕುಟುಂಬಗಳಲ್ಲಿ ಅನೇಕರು ಈಗಲೂ ಅದನ್ನೇ ನೆಚ್ಚಿಕೊಂಡು ಕುಳಿತಿರುವರು. ಅಂಥವರು ದಯಮಾಡಿ ಬೇರೆ ದಾರಿಯನ್ನು ನೋಡಿಕೊಳ್ಳಬೇಕು. ಅದು ನಿಂತುಹೋದುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ನಮ್ಮ ಅಭಿಪ್ರಾಯದಿಂದ ಯಾರ ಶುಲ್ಕವೂ ತೀರುವುದಿಲ್ಲ.

ಹೆಣ್ಣುಮಕ್ಕಳು ಪರರ ಹಣದಿಂದ ಓದುವುದು ಹೊಸ ಕಾಲದ ವಾಡಿಕೆಯೆಂದು ಕೆಲವರು ಭಾವಿಸುವರು. ಅದರಲ್ಲಿ ಏನೋ ಒಂದು ಹೀನತೆಯಿದೆಯೆಂದೂ ಎಣಿಸುವರು. "ನಾವೇನು ಬೇಡಿ ಓದಿಸಬೇಕೇ?" ಎಂದು ಒಬ್ಬ ತಂದೆ ನಮ್ಮನ್ನೇ ಕೇಳಿದ್ದುಂಟು. ಅವರಿಗೆ ನಾವು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಲೀವೈ ಬಾರ್ಬರ್ ಎಂಬವರು ಪೂರ್ವದೇಶಗಳಲ್ಲಿ ಸಂಚರಿಸಿ, ಅಲ್ಲಿ ತಮ್ಮ ವಿಶ್ವವಿದ್ಯಾಲಯದಲ್ಲಿಯೇ ಓದಿ ವೈದ್ಯರಾಗಿದ್ದ ಹೆಂಗಸರ ಕೆಲಸವನ್ನು ಕಣ್ಣಾರೆ ಕಂಡು, ಏಷ್ಯಾದ ಹೆಣ್ಣುಮಕ್ಕಳಿಗೆಂದೇ ೧೯೧೭ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ತಲಶ್ಶೇರಿಯಲ್ಲಿ ಹುಟ್ಟಿದ ಇ. ಕೆ. ಜಾನಕಿ ಅಮ್ಮಾಳ್ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಈ ನಿಧಿಯ ಬಲದಿಂದಲೇ ಮಿಶಿಗನ್ನಿಗೆ ಹೋಗಿ ೧೯೩೧ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಕಬ್ಬಿನ ತಳಿಗಳನ್ನು ಕುರಿತು ಅವರು ಮಾಡಿದ ಕೆಲಸ ಲೋಕಪ್ರಸಿದ್ಧವಾದುದು.

ನಮ್ಮ ಕನ್ನಡನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರದು ಇದಕ್ಕಿಂತಲೂ ಹತ್ತಿರದ ಉದಾಹರಣೆ. ೧೯೨೨ರಲ್ಲಿ ಹುಟ್ಟಿದ ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿ, ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದ್ದಾಗ ಸರಕಾರದ ವಿದ್ಯಾರ್ಥಿವೇತನ ದೊರೆತು ೧೯೪೭ರಲ್ಲಿ ಅದೇ ಮಿಶಿಗನ್ನಿಗೆ ಹೊರಟರು. ಆ ಹಣದಲ್ಲಿ ವಿದ್ಯುತ್ ಇಂಜಿನಿಯರಿಂಗಿನ ಸ್ನಾತಕೋತ್ತರ ಪದವಿಯಾಯಿತು. ಮುಂದೆ ಡಾಕ್ಟರ್ ಪದವಿಯ ಓದಿಗೆ ಬಾರ್ಬರ್ ನಿಧಿಯ ವೇತನ ದೊರೆಯಿತು. ೧೯೫೩ರಲ್ಲಿ ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾಗಿ ನಿಂತು, ಮೈಕ್ರೋವೇವ್ ವಿಷಯದಲ್ಲಿ ಎಷ್ಟೋ ಮಂದಿಯನ್ನು ತಯಾರು ಮಾಡಿದರು. ತಾಯಂದಿರು ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಅವರ ಓದಿನ ಹಣ ಒಂದೇ ಬುಟ್ಟಿಯಿಂದ ಬರಲಿಲ್ಲ. ಒಂದು ತೀರುವ ಹೊತ್ತಿಗೆ ಮತ್ತೊಂದನ್ನು ಹುಡುಕಿಕೊಳ್ಳಬೇಕಾಯಿತು. ಇಡೀ ಓದಿನ ಖರ್ಚು ಒಮ್ಮೆಗೇ ಕೈಯಲ್ಲಿದ್ದರಷ್ಟೇ ಹೊರಡಬೇಕೆಂದು ಕುಳಿತಿದ್ದರೆ ಅವರೂ ಬೆಂಗಳೂರಿನಲ್ಲಿಯೇ ಇರುತ್ತಿದ್ದರೇನೋ.

ಇಂದಿಗೆ ಬರೋಣ. ಹೊರದೇಶದ ಓದೆಂದೊಡನೆ ಎಲ್ಲವೂ ಒಂದೇ ಎಂದು ತಿಳಿಯುವುದರಿಂದ ನಮ್ಮ ಕುಟುಂಬಗಳಿಗೆ ಬಹಳ ಹಾನಿಯಾಗುತ್ತಿದೆ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನದ ಪಿಎಚ್.ಡಿ.ಗೆ ಆರಿಸಲ್ಪಟ್ಟವಳಿಗೆ ಸಾಮಾನ್ಯವಾಗಿ ಬೋಧನಶುಲ್ಕವನ್ನು ಮನ್ನಾ ಮಾಡಿ, ಮೇಲೆ ಜೀವನಕ್ಕೆ ಬೇಕಾದ ವೇತನವನ್ನೂ ಕೊಡುವರು. ಬದಲಿಗೆ ವಾರಕ್ಕೆ ಇಪ್ಪತ್ತು ಗಂಟೆಗಳಷ್ಟು ಕಿರಿಯರಿಗೆ ಕಲಿಸುವ ಅಥವಾ ಪ್ರಯೋಗಶಾಲೆಯ ಕೆಲಸ. ಅದೇ ವಿಶ್ವವಿದ್ಯಾಲಯದ ಅದೇ ಶಾಖೆಯಲ್ಲಿ ಎರಡು ವರ್ಷದ ಎಂ.ಎಸ್.ಗೆ ಸೇರುವವಳು ಹೆಚ್ಚಾಗಿ ಪೂರ್ಣ ಶುಲ್ಕವನ್ನು ತಾನೇ ತೆರಬೇಕು. ಆ ದೇಶದ ಸರಕಾರ ತನ್ನ ವಿದ್ಯಾರ್ಥಿಗಳಿಗೆ ಕೊಡುವ ಸಹಾಯ ನಮ್ಮವರಿಗೆ ಸಿಗುವುದಿಲ್ಲ. ಹೀಗಿದ್ದರೂ ನಮ್ಮ ಊರುಗಳಲ್ಲಿ ಗಲ್ಲಿಗೊಂದರಂತೆ ಅಂಗಡಿ ಹಾಕಿರುವ ಸಲಹೆಗಾರರು ಎಂ.ಎಸ್.ಗೆ ಕಳುಹಿಸುವುದಕ್ಕೆ ತೋರುವ ಉತ್ಸಾಹವನ್ನು ಪಿಎಚ್.ಡಿ.ಗೆ ತೋರುವುದನ್ನು ನಾವು ಕಂಡಿಲ್ಲ. ಕಾರಣವನ್ನು ಓದುಗರೇ ಊಹಿಸಿಕೊಳ್ಳಬಹುದು. ಪ್ರವೇಶ ದೊರೆತಿದೆಯೆಂಬ ಪತ್ರ ಬೇರೆ, ಹಣ ಕೊಡುತ್ತೇವೆಂಬ ಪತ್ರ ಬೇರೆ. ಎರಡನೆಯದು ಬರದೆ ಮೊದಲನೆಯದಕ್ಕೆ ಮುಂಗಡ ಕಟ್ಟಬಾರದು. ಎರಡನೆಯದು ಬಂದಾಗ "ನಾಳೆಯೇ ಉತ್ತರ ಕೊಡಿ" ಎಂಬ ಅವಸರಕ್ಕೆ ಹೆದರಬೇಕಾಗಿಲ್ಲ: ಅಲ್ಲಿನ ಬಹುಪಾಲು ದೊಡ್ಡ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ನಿಯಮದಂತೆ, ಧನಸಹಾಯದ ವಾಗ್ದಾನಕ್ಕೆ ಉತ್ತರ ಕೊಡಲು ಏಪ್ರಿಲ್ ೧೫ರ ವರೆಗೆ ವಿದ್ಯಾರ್ಥಿನಿಗೆ ಅವಕಾಶವುಂಟು.

ಜರ್ಮನಿಯಲ್ಲಿ ಸರಕಾರಿ ವಿಶ್ವವಿದ್ಯಾಲಯಗಳ ಬಹುಪಾಲು ಓದಿಗೆ ಬೋಧನಶುಲ್ಕವಿಲ್ಲವೆಂಬ ಮಾತು ನಿಜ; ಆದರೆ ವೀಸಾಕ್ಕೆ ಮೊದಲೇ ಒಂದು ವರ್ಷದ ಜೀವನದ ಬಾಬ್ತನ್ನು ಅಲ್ಲಿನ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ೧೧,೯೦೪ ಯೂರೋಗಳಿಗೆ ಏರಿಸಿದರು. ನಮ್ಮ ಮಂಗಳೂರಿನಲ್ಲಿ ೧೮೪೩ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಮೊಗ್ಲಿಂಗ್ ಪಾದ್ರಿಗಳು ಓದಿದ ಟ್ಯೂಬಿಂಗನ್ ಇರುವ ಪ್ರಾಂತದಲ್ಲಿ ಮಾತ್ರ, ಯುರೋಪಿನ ಒಕ್ಕೂಟದ ಹೊರಗಿನವರಿಂದ ೨೦೧೭ರಿಂದ ಆರು ತಿಂಗಳ ಅವಧಿಗೆ ೧,೫೦೦ ಯೂರೋ ಶುಲ್ಕವನ್ನು ಪಡೆಯುತ್ತಿದ್ದಾರೆ. ನಮ್ಮಲ್ಲಿಗೆ ಕಲಿಸಲು ಬಂದವರ ನಾಡಿಗೆ ಕಲಿಯಲು ಹೋಗುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇಂಗ್ಲೆಂಡಿನ ಚೀವ್ನಿಂಗ್ ವೇತನ ಒಂದು ವರ್ಷದ ಓದಿನ ಖರ್ಚನ್ನೆಲ್ಲ ವಹಿಸುವುದು. ಆದರೆ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು, ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್ಪಿಗೂ ಇಂಥದೇ ಕರಾರುಗಳುಂಟು. ಅಲ್ಲಿ ಮೂರು ವರ್ಷದ ಅನುಭವ ಕೇಳುವರು. ಕರಾರೆಂದೊಡನೆ ಬೆದರುವವರಿಗೆ ನಮ್ಮ ಸ್ವಂತ ಅನುಭವವನ್ನು ಹೇಳಬಹುದು. ನಮ್ಮ ಬಿ.ಎಡ್. ವರ್ಷದ ಶುಲ್ಕವನ್ನು ಮಿಶನ್ನಿನ ಒಂದು ಚಿಕ್ಕ ನಿಧಿಯಿಂದ ಕೊಟ್ಟರು. ಎರಡು ವರ್ಷ ಮಿಶನ್ ಶಾಲೆಯಲ್ಲಿ ಕಲಿಸಬೇಕೆಂಬುದು ಕರಾರು. ಆ ಎರಡು ವರ್ಷ ಮುಗಿದು ಎಷ್ಟೋ ಕಾಲವಾಯಿತು. ನಾವಿನ್ನೂ ಇಲ್ಲಿಯೇ ಇದ್ದೇವೆ.

ಇನ್ನು ಸಾಲದ ಮಾತು. ಸಾಲವನ್ನು ಸಹಾಯವೆಂದು ಕರೆಯುವ ವಾಡಿಕೆ ಈಗ ಹೆಚ್ಚಾಗಿರುವುದರಿಂದ ಈ ಎಚ್ಚರಿಕೆ ಅವಶ್ಯವಾಗಿದೆ. ಇಪ್ಪತ್ತು ಲಕ್ಷ ರೂಪಾಯಿಯನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ಎತ್ತಿದರೆಂದು ಇಟ್ಟುಕೊಳ್ಳೋಣ. ಎರಡು ವರ್ಷದ ಓದು, ಅದರ ಮೇಲೆ ಒಂದು ವರ್ಷದ ಬಿಡುವು. ಈ ಮೂರು ವರ್ಷ ಕಂತಿಲ್ಲವೆಂದು ಜನ ನಿಶ್ಚಿಂತರಾಗಿರುವರು. ಆದರೆ ಬಡ್ಡಿ ಮಲಗಿರುವುದಿಲ್ಲ. ಸರಳ ಬಡ್ಡಿಯೇ ಆರು ಲಕ್ಷವಾಗುವುದು. ಈ ಲೆಕ್ಕವನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳೇ ಮಾಡಬಲ್ಲರು. ಉಳಿದ ೨೬ ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು ೩೪,೦೦೦ ರೂಪಾಯಿಯ ಕಂತು. ಹೊರದೇಶದಲ್ಲಿ ಕೆಲಸ ಸಿಕ್ಕಿದರೆ ಇದು ಹಗುರ. ಸಿಗದೆ ಊರಿಗೆ ಮರಳಿದರೆ, ಇಲ್ಲಿನ ಮೊದಲ ಸಂಬಳವೆಲ್ಲ ಇದಕ್ಕೇ ಸರಿಹೋಗುವುದು. ಅಂಥ ಮನೆಯೊಂದನ್ನು ನಾವು ಬಲ್ಲೆವು. ಮನೆಯ ಪತ್ರ ಬ್ಯಾಂಕಿನಲ್ಲಿದೆ. ಮಗಳು ಒಂದು ವರ್ಷದ ಓದು ಮುಗಿಸಿ, ಕೆಲಸ ದೊರೆಯದೆ ಹಿಂದಿರುಗಿ, ಈಗ ಇಬ್ಬರ ದುಡಿಮೆಯೂ ಬಡ್ಡಿಗೆ ಹೋಗುತ್ತಿದೆ. ತಪ್ಪು ಆ ಹುಡುಗಿಯದಲ್ಲ.

ಹಾಗೆಂದು ನಾವು ಸಾಲವನ್ನೇ ದೂಷಿಸುವವರಲ್ಲ. ಜಮ್‌ಷೇಟ್‌ಜಿ ಟಾಟಾ ಅವರು ೧೮೯೨ರಲ್ಲಿ ಸ್ಥಾಪಿಸಿದ ವಿದ್ಯಾನಿಧಿ ಕೊಡುವುದು ದಾನವನ್ನಲ್ಲ, ಸಾಲವನ್ನು; ಅದರ ಮೊದಲ ಫಲಾನುಭವಿಗಳಲ್ಲಿ ಫ್ರೇನಿ ಕಾಮಾ, ಕೃಷ್ಣಾಬಾಯಿ ಕೇಳವ್ಕರ್ ಎಂಬ ಇಬ್ಬರು ವೈದ್ಯ ಮಹಿಳೆಯರಿದ್ದರು. ನಮ್ಮ ದೇಶದಲ್ಲಿಯೇ ಓದುವವರಿಗೆ, ೨೦೨೪ರ ನವೆಂಬರಿನಲ್ಲಿ ಮಂಜೂರಾದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಸರಕಾರ ಹೆಸರಿಸಿರುವ ಉತ್ತಮ ಸಂಸ್ಥೆಗಳಿಗೆ ಸೇರಿದರೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುವುದು. ವರ್ಷಕ್ಕೆ ಎಂಟು ಲಕ್ಷದೊಳಗೆ ವರಮಾನವಿರುವ, ಬೇರೆ ಸರಕಾರಿ ವೇತನವಿಲ್ಲದ ಮನೆಯ ಮಕ್ಕಳಿಗೆ ಹತ್ತು ಲಕ್ಷದ ವರೆಗಿನ ಸಾಲದ ಮೇಲೆ, ಓದುವ ಕಾಲದಲ್ಲಿ ನೂರಕ್ಕೆ ಮೂರರಷ್ಟು ಬಡ್ಡಿಯ ರಿಯಾಯಿತಿಯೂ ಉಂಟು, ಇದು ವರ್ಷಕ್ಕೆ ಒಂದು ಲಕ್ಷ ಮಂದಿಗೆ ಮಾತ್ರ. ಮೊದಲು ತೀರಿಸಬೇಕಾಗಿಲ್ಲದ ಹಣ, ಆ ಮೇಲೆ ದುಡಿದು ಪಡೆಯುವ ಹಣ, ಅದೂ ಸಾಲದಿದ್ದರೆ ಮನೆಯನ್ನು ಅಡವಿಡದೆ ಸಿಗುವ ಸಾಲ. ಹೊರದೇಶದ ಒಂದು ವರ್ಷದ ಓದಿಗೆ ಇರುವ ಒಂದೇ ಮನೆಯನ್ನು ಅಡವಿಡುವುದನ್ನು ನಾವು ಖಂಡಿತವಾಗಿ ಬೇಡವೆನ್ನುವೆವು.

ಆದರೆ ಮನೆಯವರು ಬೇಡವೆನ್ನುವಾಗ ಅವರ ಬಾಯಲ್ಲಿರುವ ಕಾರಣ ಹಣವಾದರೂ ಮನಸ್ಸಿನಲ್ಲಿರುವುದು ಎಷ್ಟೋ ಸಲ ಬೇರೆ. "ಸಾಲವಿರುವ ಹುಡುಗಿಯನ್ನು ಯಾರು ತಂದುಕೊಳ್ಳುವರು?" ಎಂಬ ಮಾತನ್ನು ನಾವು ಈ ಕಚೇರಿಯಲ್ಲಿಯೇ ಕೇಳಿದ್ದೇವೆ. ಅದೇ ಮನೆಯಲ್ಲಿ ಮಗನ ಇಂಜಿನಿಯರಿಂಗಿಗೆ ಸಾಲ ಮಾಡಿದಾಗ ಈ ಪ್ರಶ್ನೆ ಹುಟ್ಟಿರಲಿಲ್ಲ. ಮಗಳ ಹೆಸರಿನಲ್ಲಿ ಹುಟ್ಟಿದಂದಿನಿಂದ ಕೂಡಿಟ್ಟ ಚಿನ್ನ ಬೀರುವಿನಲ್ಲಿದ್ದರೂ ಅದು ಮದುವೆಯದು, ಓದಿನದಲ್ಲ. ಚಿನ್ನವನ್ನು ಮಾರಿರೆಂದು ನಾವು ಹೇಳುವುದಿಲ್ಲ. ಅದು ಒಂದೊಂದು ಮನೆಯ ಸಂಗತಿ. ಹಣವಿಲ್ಲವೆಂದು ಮಾತ್ರ ಮಗಳಿಗೆ ಹೇಳಬೇಡಿರಿ. ನಿಜವಾದ ಕಾರಣವನ್ನೇ ಹೇಳಿದರೆ ಅವಳಿಗೆ ವಾದಿಸಲಿಕ್ಕಾದರೂ ಅವಕಾಶವಾಗುವುದು.

ಕೊನೆಯದಾಗಿ ಹಿರಿಯ ವಿದ್ಯಾರ್ಥಿನಿಯರ ಸಂಘದವರಲ್ಲಿ ಒಂದು ಬಿನ್ನಹ. ದೊಡ್ಡ ಮೊತ್ತಕ್ಕೆ ದಾರಿಗಳಿವೆಯೆಂದು ಮೇಲೆ ತೋರಿಸಿದ್ದೇವೆ. ಆದರೆ ಆ ದಾರಿಯ ಹೆಬ್ಬಾಗಿಲಿನಲ್ಲಿ ಚಿಕ್ಕ ಮೊತ್ತಗಳು ಕಾವಲು ನಿಂತಿವೆ. ಜಿ.ಆರ್.ಇ. ಪರೀಕ್ಷೆಗೆ ಇಪ್ಪತ್ತು ಸಾವಿರಕ್ಕೂ ಮೇಲೆ, ಇಂಗ್ಲಿಷಿನ ಪರೀಕ್ಷೆಗೆ ಹದಿನೈದು ಸಾವಿರಕ್ಕೂ ಮೇಲೆ, ಒಂದೊಂದು ಅರ್ಜಿಗೆ ಪ್ರತ್ಯೇಕ ಶುಲ್ಕ, ಅಂಕಪಟ್ಟಿಗಳ ನಕಲಿಗೆ ವಿಶ್ವವಿದ್ಯಾಲಯಕ್ಕೆ ಎರಡು ಮೂರು ಸಾರಿ ಬಸ್ಸಿನ ಖರ್ಚು, ಸಂದರ್ಶನಕ್ಕೆ ದೆಹಲಿಗೋ ಪುಣೆಗೋ ರೈಲಿನ ಖರ್ಚು. ಇವಕ್ಕೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಪ್ರವೇಶವೇ ಆಗಿಲ್ಲವಲ್ಲ. ವೇತನದವರೂ ಕೊಡುವುದಿಲ್ಲ. ಹಲವು ವಿಶ್ವವಿದ್ಯಾಲಯಗಳು ಕೇಳಿಕೊಂಡರೆ ಅರ್ಜಿಯ ಶುಲ್ಕವನ್ನು ಬಿಟ್ಟುಕೊಡುವುದುಂಟು. ಕೇಳಬಹುದೆಂಬುದೇ ನಮ್ಮ ಹುಡುಗಿಯರಿಗೆ ತಿಳಿಯದು. ಐದು ವರ್ಷದ ವೇತನಕ್ಕೆ ಯೋಗ್ಯಳಾದವಳು ಐವತ್ತು ಸಾವಿರ ಇಲ್ಲದೆ ಮನೆಯಲ್ಲಿಯೇ ಉಳಿಯುವಳು.

ಸಂಘದವರು ಶಾಲೆಯ ಮುಂಬಾಗಿಲಿಗೆ ಕಲ್ಲಿನ ಕಮಾನು ಕಟ್ಟಿಸಬೇಕೆಂದು ಹಣ ಕೂಡಿಸುತ್ತಿರುವರು. ಅದರ ನಕ್ಷೆ ನಮ್ಮ ಮೇಜಿನ ಮೇಲೆಯೇ ಇದೆ, ಚೆನ್ನಾಗಿಯೂ ಇದೆ. ಆದರೂ ಆ ಹಣದಲ್ಲಿ ಒಂದು ಪಾಲನ್ನು ಈ ಚಿಕ್ಕ ಖರ್ಚುಗಳಿಗಾಗಿ ತೆಗೆದಿಟ್ಟು, ಕೆಲಸ ಸಿಕ್ಕಿದ ಮೇಲೆ ಬಡ್ಡಿಯಿಲ್ಲದೆ ಹಿಂದಿರುಗಿಸತಕ್ಕ ಕೈಸಾಲವಾಗಿ ನಮ್ಮ ಹುಡುಗಿಯರಿಗೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಕಮಾನು ಸ್ವಲ್ಪ ಕುಳ್ಳಾದರೂ ಚಿಂತೆಯಿಲ್ಲ. ಈ ವಿಷಯವನ್ನು ಮುಂದಿನ ಸರ್ವಸದಸ್ಯೆಯರ ಸಭೆಯಲ್ಲಿ ಮಂಡಿಸಲಿದ್ದೇವೆ. ವಿರೋಧವಿರುವವರು ಸಹ ದಯಮಾಡಿ ಬರಬೇಕು.

ಅದಕ್ಕೆ ಮೊದಲು, ನಿಮ್ಮಲ್ಲಿ ಯಾರು ಯಾರು ಯಾವ ಯಾವ ಹಣದಿಂದ ಮೇಲಿನ ಓದನ್ನು ಓದಿದಿರೆಂಬುದನ್ನು ಒಂದು ಹಾಳೆಯಲ್ಲಿ ಬರೆದು ನಮಗೆ ಕಳುಹಿಸಿರಿ. ವೇತನದ ಹೆಸರು, ಅರ್ಜಿಯ ತಿಂಗಳು, ದೊರೆತ ಮೊತ್ತ, ಕೈಯಿಂದ ಹೋದ ಮೊತ್ತ ಇಷ್ಟು ಸಾಕು. ಸಾಲವಿದ್ದರೆ ಅದನ್ನೂ ಮರೆಮಾಡಬೇಡಿರಿ. ಅಮೆರಿಕದ ಬಹಳಷ್ಟು ಅರ್ಜಿಗಳು ಡಿಸೆಂಬರಿನಲ್ಲಿಯೇ ಮುಗಿಯುವುವು. ಈ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇಬ್ಬರು ಅರ್ಜಿ ಹಾಕಬೇಕೆಂದಿರುವರು. ಅವರಲ್ಲೊಬ್ಬಳ ತಾಯಿ ನಿನ್ನೆ ತಾನೇ ಸಿಹಿತಿಂಡಿಯ ಪೊಟ್ಟಣದೊಡನೆ ಬಂದಿದ್ದಳು. ನಾವು ಆಕೆಗೆ ಇನ್ನೂ ಯಾವ ಮಾತನ್ನೂ ಹೇಳಿಲ್ಲ. ಕಾಗದಪತ್ರಗಳನ್ನೆಲ್ಲ ತೆಗೆದುಕೊಂಡು ಸೋಮವಾರ ಬರಹೇಳಿದ್ದೇವೆ.